ಮೂರನೆಯ ಸಲ ಕೇಳುವವರು

ಕಳೆದ ಭಾನುವಾರ ದೋಸೆಯ ಪಲ್ಯಕ್ಕೆಂದು ಆಲೂಗಡ್ಡೆ ಬೇಯಲು ಇಟ್ಟು ಮರೆತುಬಿಟ್ಟಿದ್ದೆ. ಐರ್ಲೆಂಡಿನ ಕಾರ್ಕ್ ನಗರದ ಡಗ್ಲಸ್ ಬಡಾವಣೆಯಲ್ಲಿರುವ ನಮ್ಮ ಮನೆಯ ಅಡುಗೆಮನೆ ಎಷ್ಟು ಚಿಕ್ಕದೆಂದರೆ ಬಾಗಿಲು ತೆರೆದರೆ ಫ್ರಿಜ್ಜಿಗೆ ತಾಗುತ್ತದೆ. ಓಡಿ ಬಂದು ನೋಡಿದರೆ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಸಿಪ್ಪೆಗಳೆಲ್ಲ ಬಿರಿದು, ಮಣ್ಣಿನ ವಾಸನೆಯೂ ಹಿಟ್ಟಿನ ವಾಸನೆಯೂ ಬೆರೆತ ಹಬೆ ಕಿಟಕಿಯ ಗಾಜಿನ ಮೇಲೆಲ್ಲ ಕೂತಿತ್ತು. ಮಗಳು ಧೃತಿಯ ಜೊತೆ ಆಡಲು ಬಂದಿದ್ದ ಅವಳ ಗೆಳತಿಯನ್ನು ದೋಸೆ ತಿನ್ನುತ್ತೀಯಾ ಎಂದು ಕೇಳಿದೆ. "ನೋ ಥ್ಯಾಂಕ್ಸ್, ಐಯಾಮ್ ಗ್ರ್ಯಾಂಡ್" ಎಂದಳು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಪರವಾಗಿಲ್ಲ, ಚೆನ್ನಾಗಿದ್ದೇನೆ ಎಂದಷ್ಟೇ. ಮತ್ತೆ ಕೇಳಿದೆ, ಮತ್ತೆ ಗ್ರ್ಯಾಂಡ್. ಮೂರನೆಯ ಸಲ ಕೇಳಿದಾಗ ಧೃತಿಗೆ ನಾಚಿಕೆಯಾಗಿ "ಅಮ್ಮಾ, ಶಿ ಸೆಡ್ ನೋ" ಎಂದು ನನ್ನನ್ನೇ ಗದರಿದಳು. ಅಷ್ಟರಲ್ಲಿ ಆ ಹುಡುಗಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಒಂದಲ್ಲ, ಮೂರು ದೋಸೆ ತಿಂದಳು.

ಈ ವಿದ್ಯೆಯನ್ನು ನಾನು ಹುಟ್ಟಿದ ಊರು ತುಮಕೂರಿನಲ್ಲೇ ಕಲಿತಿದ್ದೆ. ಆದರೆ ಐರ್ಲೆಂಡಿಗೆ ಬರುವಾಗ ಅದನ್ನು ಬೇಡದ ಸಾಮಾನೆಂದು ಅಲ್ಲೇ ಬಿಟ್ಟು ಬಂದಿದ್ದೆ. ನನಗೆ ಅದನ್ನು ವಾಪಸ್ಸು ಕೊಟ್ಟದ್ದು ಇಲ್ಲಿಯ ಒಂದು ಚಳಿಗಾಲ. ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳು, ಅಷ್ಟೇ. ಧೃತಿಗೆ ಆಗ ಎರಡು ವರ್ಷ.

ಕಾರ್ಕ್ ನಗರದ ಅಂಚಿನಲ್ಲಿರುವ ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಬಿದ್ದು ಸೊಂಟ ಮುರಿದುಕೊಂಡು ಆಪರೇಷನ್ ಆದ ವಯಸ್ಸಾದವರನ್ನು ಮತ್ತೆ ನಡೆಯುವಂತೆ ಮಾಡಿ ಮನೆಗೆ ಕಳಿಸುವ ವಾರ್ಡು ಅದು. ನಾನು ಅಲ್ಲಿಯ ರಿಜಿಸ್ಟ್ರಾರ್, ಅಂದರೆ ಹಿರಿಯ ವೈದ್ಯರಿಗೂ ಕಿರಿಯರಿಗೂ ನಡುವೆ ಇದ್ದು ಇಬ್ಬರಿಂದಲೂ ಮಾತು ಕೇಳುವವಳು. ಕೆಲಸಕ್ಕೆ ಸೇರಿದ ದಿನ ಹನ್ನೊಂದು ಗಂಟೆಗೆ ನರ್ಸುಗಳ ಟೀ ರೂಮಿನ ಮುಂದೆ ಹಾದುಹೋಗುತ್ತಿದ್ದೆ. ಒಳಗಿನಿಂದ ಟೋಸ್ಟಿನ ವಾಸನೆ ಬರುತ್ತಿತ್ತು. ಯಾರೋ "ಟೀ ಕುಡೀತೀರಾ ಡಾಕ್ಟರ್?" ಎಂದು ಕೇಳಿದರು. ನನಗೆ ಟೀ ಬೇಕಿತ್ತು. ಬೆಳಿಗ್ಗೆ ಆರಕ್ಕೆ ಎದ್ದು, ಮಗುವನ್ನು ಕ್ರೆಶ್‌ಗೆ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದೆ. ಆದರೆ ಬಾಯಿ ತನ್ನ ಪಾಡಿಗೆ "ಬೇಡ, ಈಗಷ್ಟೇ ಆಯ್ತು" ಎಂದುಬಿಟ್ಟಿತು. ಇನ್ನೊಂದು ಸಲ ಕೇಳುತ್ತಾರೆ ಎಂದು ಒಂದು ಕ್ಷಣ ನಿಂತೆ. ಅಷ್ಟರಲ್ಲಿ ಯಾವುದೋ ರೋಗಿಯ ಬೆಲ್ ಹೊಡೆದು ಅವರೆಲ್ಲ ಎದ್ದರು. ಕೇಳಿದ್ದು ಶಾಸ್ತ್ರಕ್ಕೆ ಎಂದುಕೊಂಡು ನಾನು ಮುಂದೆ ಹೋದೆ. ಇವಳೂ ಹಿಂದಿನ ಡಾಕ್ಟರುಗಳ ಹಾಗೇ, ನಮ್ಮ ಜೊತೆ ಕೂರುವವಳಲ್ಲ ಎಂದು ಅವರು ಅಂದುಕೊಂಡರಂತೆ. ಅದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಹೀಗೆ ಆ ಒಂದೇ ಕಾರಿಡಾರಿನಲ್ಲಿ ಮೂರು ಕಡೆ ನೀರು ಕುದಿಯುತ್ತಿತ್ತು. ಒಂದು ತುದಿಯಲ್ಲಿ ನಮ್ಮ ಡಾಕ್ಟರುಗಳ ಕೋಣೆಯ ಕೆಟಲ್, ಇನ್ನೊಂದು ತುದಿಯಲ್ಲಿ ನರ್ಸುಗಳದು, ಲಿಫ್ಟಿನ ಪಕ್ಕದ ಸಣ್ಣ ಪ್ಯಾಂಟ್ರಿಯಲ್ಲಿ ಊಟ ಹಂಚುವವರದು. ಅವರು ಅಲ್ಲಿ ನಿಂತೇ ಟೀ ಕುಡಿಯುತ್ತಿದ್ದರು, ಕೂರಲು ಜಾಗವಿರಲಿಲ್ಲ. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಗಿ, ಜಗಳವಾದ ಮೇಲೆ ರಾಜಿಯೂ ಆಗಬಹುದಿತ್ತು. ಅಲ್ಲಿ ಇದ್ದದ್ದು ಬರಿಯ ಮರ್ಯಾದೆ. ಗುಡ್ ಮಾರ್ನಿಂಗ್, ಥ್ಯಾಂಕ್ಯೂ, ಸಾರಿ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು.

ನರ್ಸುಗಳ ಮೇಲಿನ ಮ್ಯಾನೇಜರ್ ಜೆಸಿಂತಾ ನಮ್ಮ ಉಡುಪಿ ಕಡೆಯವರು. ಕೊಂಕಣಿ ಮನೆಮಾತಿನ ಕ್ಯಾಥೊಲಿಕ್ ಮನೆತನ, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ನಮ್ಮಿಬ್ಬರಿಗೂ ಕನ್ನಡ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ವಾರ್ಡಿನಲ್ಲಿ ಇಂಗ್ಲಿಷಿನಲ್ಲೇ ಮಾತು. ಒಮ್ಮೆ ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಾಗ "ಎಂತ ಡಾಕ್ಟ್ರೇ, ಚಳಿ ಅಲ್ವಾ" ಎಂದಿದ್ದರು. "ಹೂಂ, ತುಂಬಾ ಚಳಿ" ಎಂದಿದ್ದೆ. ಎರಡು ಮಹಡಿ ಏರುವಷ್ಟರಲ್ಲಿ ನಮ್ಮ ಕನ್ನಡ ಮುಗಿದಿತ್ತು.

ಡೆನಿಸ್ ಆ ವಾರ್ಡಿಗೆ ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ. ಪಶ್ಚಿಮದ ಕಡೆಯ ಹಳ್ಳಿಯ ರೈತ, ಎಂಬತ್ತು ದಾಟಿದ ಬ್ರಹ್ಮಚಾರಿ. ಕೊಟ್ಟಿಗೆಯ ಅಂಗಳದಲ್ಲಿ ಮಂಜುಗಟ್ಟಿದ್ದ ಕಡೆ ಜಾರಿ ಬಿದ್ದಿದ್ದರು. ಮನೆಯಲ್ಲಿ ನಾಲ್ಕು ಹಸು, ಒಂದು ನಾಯಿ. ಪಕ್ಕದ ಹೊಲದವನು ಅವನ್ನು ನೋಡಿಕೊಳ್ಳುತ್ತಿದ್ದ. ಮಾರ್ಚ್‌ನಲ್ಲಿ ಹಸುಗಳು ಕರು ಹಾಕುತ್ತವೆ ಎಂದು ಡೆನಿಸ್ ನನಗೆ ಮೊದಲ ದಿನವೇ ಹೇಳಿದ್ದರು. ಹೇಳಿದ್ದು ಬರಿಯ ಸುದ್ದಿಯ ಹಾಗೆ. ಅಷ್ಟರೊಳಗೆ ಮನೆಗೆ ಹೋಗಬೇಕು ಎಂದು ಹೇಳಲಿಲ್ಲ, ನಾನೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಯಾವ ಹೊತ್ತಿಗೆ ಹೋಗಿ ಹೇಗಿದ್ದೀರಿ ಎಂದರೂ "ಗ್ರ್ಯಾಂಡ್, ಡಾಕ್ಟರ್" ಎನ್ನುತ್ತಿದ್ದರು. ನೋವು ಹೇಗಿದೆ, ಗ್ರ್ಯಾಂಡ್. ನಿದ್ದೆ ಬಂತಾ, ಗ್ರ್ಯಾಂಡ್. ಇಂಥ ಸುಖದ ರೋಗಿ ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ.

ಮೊದಲ ಎರಡು ವಾರ ಚೆನ್ನಾಗಿಯೇ ನಡೆದರು. ಆಗ ಊಟ ಹಂಚುತ್ತಿದ್ದವರು ಬ್ರೀಡಾ ಎಂಬ ಅರವತ್ತರ ಆಸುಪಾಸಿನ ಹೆಂಗಸು. ದೊಡ್ಡ ದನಿ, ಸಣ್ಣ ಮೈ, ಟ್ರಾಲಿಯನ್ನು ಮಗುವಿನ ಗಾಡಿಯಂತೆ ತಳ್ಳುತ್ತಾ ಎಲ್ಲ ಹಾಸಿಗೆಯ ಬಳಿಯೂ ಹರಟೆಗೆ ನಿಲ್ಲುತ್ತಿದ್ದರು. ಅವರಿಂದಾಗಿ ನನ್ನ ರೌಂಡ್ಸ್ ತಡವಾಗುತ್ತದೆಂದು ನನಗೆ ಒಳಗೊಳಗೇ ಕಿರಿಕಿರಿ. ಊಟದ ಕೆಲಸ ಹೊರಗಿನ ಒಂದು ಕಂಪನಿಯದು. ಜನವರಿಯ ನಡುವೆ ಆ ಕಂಪನಿಯವರು ಹೊಸ ಪದ್ಧತಿ ತಂದರು. ಟ್ರಾಲಿಯವರ ಕೈಗೆ ಟ್ಯಾಬ್ಲೆಟ್ ಬಂತು. ಊಟ ಬೇಕೇ ಎಂದು ಒಂದು ಸಲ ಕೇಳುವುದು, ಬೇಕು ಅಥವಾ ಬೇಡ ಎಂದು ಒತ್ತುವುದು, ಮುಂದಿನ ಹಾಸಿಗೆಗೆ ಹೋಗುವುದು. ಬ್ರೀಡಾ ಒಂದೊಂದು ಹಾಸಿಗೆಗೆ ಬಹಳ ಹೊತ್ತು ತೆಗೆದುಕೊಳ್ಳುತ್ತಾರೆಂದು ಅವರನ್ನು ಕೆಳಗಿನ ಅಡುಗೆಮನೆಗೆ, ತಟ್ಟೆ ತೊಳೆಯುವ ಮೆಷಿನ್ನಿನ ಕಡೆಗೆ ಹಾಕಿದರು. ಮೇಲೆ ವಾರ್ಡಿನಲ್ಲಿ ನನಗೆ ಆದ ವ್ಯತ್ಯಾಸವೆಂದರೆ ರೌಂಡ್ಸ್ ಬೇಗ ಮುಗಿಯತೊಡಗಿತು. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ಆಮೇಲೆ ಡೆನಿಸ್‌ರ ತೂಕ ಇಳಿಯಲು ಶುರುವಾಯಿತು. ಸೋಮವಾರ ಸೋಮವಾರ ತೂಕ ನೋಡುವುದು ಪದ್ಧತಿ. ಒಂದು ಸೋಮವಾರ ಸ್ವಲ್ಪ, ಮುಂದಿನ ಸೋಮವಾರ ಇನ್ನಷ್ಟು. ಟ್ಯಾಬ್ಲೆಟ್ಟಿನಿಂದ ಬಂದ ಚಾರ್ಟಿನಲ್ಲಿ ದಿನಾ ಬೇಡ, ಬೇಡ, ಬೇಡ. ನಾನು ಫೈಲಿನಲ್ಲಿ 'ಆಹಾರ ನಿರಾಕರಿಸುತ್ತಿದ್ದಾರೆ' ಎಂದು ಬರೆದೆ. ರಕ್ತ ಪರೀಕ್ಷೆ ಮಾಡಿಸಿದೆ, ಸ್ಕ್ಯಾನ್ ಮಾಡಿಸಿದೆ, ಶಕ್ತಿಗೆಂದು ಸ್ಟ್ರಾಬೆರಿ ವಾಸನೆಯ ಪೇಯ ಬರೆದುಕೊಟ್ಟೆ. ಅವರ ಹಾಸಿಗೆಯ ಪಕ್ಕದ ಕಪಾಟಿನ ಮೇಲೆ ಆ ಬಾಟಲಿಗಳು ಬಿರಡೆ ಬಿಚ್ಚದೆ ಸಾಲಾಗಿ ನಿಂತವು. ಮನಸ್ಸಿನ ಬೇಸರವಿರಬಹುದೆಂದು ಅದಕ್ಕೂ ಒಂದು ಮಾತ್ರೆ ಯೋಚಿಸಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಎರಡು ಮಹಡಿ ಕೆಳಗೆ ತಟ್ಟೆ ತೊಳೆಯುತ್ತಿದ್ದವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕಾಲಿನಲ್ಲಿ ಬಲ ಕಡಿಮೆಯಾಗಿ ಡೆನಿಸ್ ನಡೆಯುವುದು ನಿಂತುಹೋಯಿತು. ಪ್ರತಿ ಗುರುವಾರ ನಮ್ಮ ಸಭೆ. ಹಿರಿಯ ವೈದ್ಯರು, ನಾನು, ಜೆಸಿಂತಾ, ರೋಗಿಗಳನ್ನು ನಡೆಸುವ ಫಿಸಿಯೋ, ಮನೆಯ ವ್ಯವಸ್ಥೆ ನೋಡುವ ಸೋಷಿಯಲ್ ವರ್ಕರ್ ಸೇರಿ ಯಾರು ಮನೆಗೆ, ಯಾರು ನರ್ಸಿಂಗ್ ಹೋಮಿಗೆ, ಅಂದರೆ ಇಲ್ಲಿಯ ವೃದ್ಧಾಶ್ರಮಕ್ಕೆ, ಎಂದು ತೀರ್ಮಾನಿಸುತ್ತಿದ್ದೆವು. ಬಡಿಸಿದ್ದನ್ನೇ ತಿನ್ನದ ಮನುಷ್ಯ ಒಂಟಿ ಮನೆಯಲ್ಲಿ ಬದುಕುವುದು ಹೇಗೆ ಎಂಬ ಪ್ರಶ್ನೆ ಬಂತು. ನರ್ಸಿಂಗ್ ಹೋಮಿಗೆ ಎಂದಾಯಿತು. ಆ ದಿನ ಮಧ್ಯಾಹ್ನ ನಾನೇ ಹೋಗಿ ಡೆನಿಸ್‌ರನ್ನು ಕೇಳಿದೆ. ಅವರು ಕಿಟಕಿಯ ಕಡೆ ನೋಡಿ, "ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ ಡಾಕ್ಟರ್. ಯಾರಿಗೂ ತೊಂದ್ರೆ ಆಗಬಾರದು. ನಾನು ಗ್ರ್ಯಾಂಡ್" ಎಂದರು. 'ರೋಗಿಯ ಒಪ್ಪಿಗೆ ಇದೆ' ಎಂದು ಬರೆದೆ. ಮುಂದಿನ ಗುರುವಾರ ಅರ್ಜಿಗೆ ಅವರ ಸಹಿ ಹಾಕಿಸುವುದು ಎಂದಿತ್ತು.

ಅದೇ ಸಂಜೆ ದೊಡ್ಡ ಬಿರುಗಾಳಿ. ಇಲ್ಲಿ ಬಿರುಗಾಳಿಗೂ ನಾಮಕರಣ ಮಾಡುತ್ತಾರೆ, ಅದರ ಹೆಸರು ಮರೆತಿದ್ದೇನೆ. ಬಸ್ ಸ್ಟಾಪಿನ ಗಾಜಿನ ಗೂಡಿನೊಳಗೂ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಒಳಗೆ ಬ್ರೀಡಾ ಒಬ್ಬರೇ ಚೀಲ ತಬ್ಬಿಕೊಂಡು ನಿಂತಿದ್ದರು. ಬಸ್ಸು ತಡ. ಮಾತಾಡದೆ ವಿಧಿಯಿರಲಿಲ್ಲ.

"ಡೆನಿಸ್ ಹೇಗಿದ್ದಾರೆ?" ಎಂದು ಅವರೇ ಕೇಳಿದರು. "ಆಲೂಗಡ್ಡೆ ತಿಂತಿದ್ದಾರಾ?"

"ಏನೂ ತಿಂತಿಲ್ಲ. ಕೇಳಿದ್ರೆ ಬೇಡ ಅಂತಾರೆ."

"ಎಷ್ಟು ಸಲ ಕೇಳ್ತಾರೆ ಅವರನ್ನ?"

"ಎಷ್ಟು ಸಲ ಅಂದ್ರೆ?"

ಬ್ರೀಡಾ ನನ್ನನ್ನು ಒಂದು ಗಳಿಗೆ ನೋಡಿದರು. ಕಾರ್ಕ್‌ನವರು ಹೆಂಗಸರನ್ನು ವಯಸ್ಸು ನೋಡದೆ ಗರ್ಲ್ ಎನ್ನುತ್ತಾರೆ. "ನೋಡು ಗರ್ಲ್, ಮೊದಲನೇ ಸಲ ಕೇಳಿದಾಗ್ಲೇ ಹೂಂ ಅನ್ನೋರು ಹೊಟ್ಟೆಬಾಕರು ಅಂತ ಅವರಮ್ಮ ಹೇಳಿಕೊಟ್ಟಿರ್ತಾರೆ. ನಮ್ಮಮ್ಮನೂ ಹಾಗೇ ಹೇಳ್ತಿದ್ದಿದ್ದು. ಎರಡನೇ ಸಲಾನೂ ಬೇಡ ಅಂತಾರೆ, ಆದ್ರೆ ಕಣ್ಣು ತಟ್ಟೆ ಮೇಲೆ ಇರುತ್ತೆ. ಮೂರನೇ ಸಲಕ್ಕೆ, ನಿಂಗೆ ತೊಂದ್ರೆ ಇಲ್ಲ ಅಂದ್ರೆ, ಅಂತಾರೆ. ಆಗ ಇಡಬೇಕು. ಇಟ್ಟು ಸ್ವಲ್ಪ ಹೊತ್ತು ಕೂತ್ಕೋಬೇಕು. ಆಲೂಗಡ್ಡೆ ಸಿಪ್ಪೆ ಸಮೇತ ಇರಬೇಕು. ಬೇರೆಯವರು ಸುಲಿದು ಕಿವುಚಿ ಕೊಟ್ರೆ ಅವರಿಗೆ ಅವಮಾನ. ಅವರ ಕೈ ಸರಿಯಾಗೇ ಇದೆಯಲ್ಲ."

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಯಾರು ಕೇಳಿದ್ರು?" ಎಂದರು ಬ್ರೀಡಾ. ಅದರಲ್ಲಿ ಆಕ್ಷೇಪವೇನೂ ಇರಲಿಲ್ಲ. "ರೋಗಿಗಳ ವಿಷಯ ನಾವು ಮಾತಾಡೋ ಹಾಗಿಲ್ಲ. ನಮ್ಮ ಕೆಲಸ ತಟ್ಟೆ ಇಡೋದು, ತಟ್ಟೆ ತೆಗೆಯೋದು."

ಬಸ್ಸಿನಲ್ಲಿ ಕೂತ ಮೇಲೆ ನನಗೆ ತುಮಕೂರಿನ ಸೋದರತ್ತೆಯ ಮನೆ ನೆನಪಾಯಿತು. ಅಲ್ಲಿಗೆ ಹೋಗುವ ಮುಂಚೆ ಅಮ್ಮ ಬೀದಿ ತಿರುವಿನಲ್ಲೇ ನಮ್ಮನ್ನು ನಿಲ್ಲಿಸಿ, ಕೊಟ್ಟ ತಕ್ಷಣ ಕೈ ಚಾಚಬೇಡಿ ಎಂದು ಎಚ್ಚರಿಸುತ್ತಿದ್ದಳು. ಅತ್ತೆ ಕೋಡುಬಳೆ ತಂದಿಟ್ಟರೆ "ಬೇಡ ಅತ್ತೆ, ಈಗಷ್ಟೇ ತಿಂದ್ವಿ" ಎನ್ನುವುದು, ಅವರು "ಅಯ್ಯೋ, ಬೆಳೆಯೋ ಮಕ್ಕಳು, ತಗೊಳ್ರೋ" ಎನ್ನುವುದು, ಅಮ್ಮನ ಮುಖ ನೋಡುವುದು, ಆಮೇಲೆ ತಟ್ಟೆ ಖಾಲಿ ಮಾಡುವುದು. ಅತ್ತೆ ಮೂರು ಸಲ ಕೇಳದೆ ಇದ್ದಿದ್ದರೆ ನಾವು ಹಸಿದುಕೊಂಡೇ ಮನೆಗೆ ಬರುತ್ತಿದ್ದೆವು, ಬಂದು ಅತ್ತೆಯನ್ನು ಬೈದುಕೊಳ್ಳುತ್ತಿದ್ದೆವು. ಮೊದಲ ದಿನದ ಆ ಟೀಯೂ ನೆನಪಾಯಿತು. ಡೆನಿಸ್ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದ್ದೆ. ಅಂಥವಳು ಮೂರು ವಾರ ಅವರ ಫೈಲಿನಲ್ಲಿ ನಿರಾಕರಣೆ, ನಿರಾಕರಣೆ ಎಂದು ಬರೆದಿದ್ದೆ. ತುಂಬ ನಾಚಿಕೆಯಾಯಿತು.

ನಾಚಿಕೆಯಾದಾಗ ಸುಮ್ಮನಿರುವ ಗುಣ ನನ್ನದಲ್ಲ, ಏನಾದರೂ ಮಾಡಿ ಇನ್ನಷ್ಟು ಕೆಡಿಸುತ್ತೇನೆ. ಮರುದಿನ ಬೆಳಿಗ್ಗೆ ಬಂದವಳೇ ಫೈಲ್ ತೆಗೆದು, 'ಸಿಬ್ಬಂದಿ ಈ ರೋಗಿಗೆ ಪ್ರತಿ ಊಟವನ್ನೂ ಮೂರು ಬಾರಿ ಕೇಳತಕ್ಕದ್ದು, ಪಕ್ಕದಲ್ಲಿ ಕೂರತಕ್ಕದ್ದು' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿ, ನೋಂದಣಿ ಸಂಖ್ಯೆಯನ್ನೂ ಹಾಕಿದೆ. ದೊಡ್ಡ ಕೆಲಸ ಮಾಡಿದ ತೃಪ್ತಿಯಿಂದ ಹೊರರೋಗಿಗಳ ಕ್ಲಿನಿಕ್ಕಿಗೆ ಹೋದೆ.

ಮಧ್ಯಾಹ್ನ ಜೆಸಿಂತಾ ನಮ್ಮ ಕೋಣೆಗೆ ಬಂದು ಬಾಗಿಲು ಹಾಕಿದರು. ಫೈಲನ್ನು ನನ್ನ ಮುಂದಿಟ್ಟರು. ಈ ಸಲ ಕನ್ನಡದಲ್ಲೇ ಶುರುಮಾಡಿದರು.

"ಇದೆಂತ ಡಾಕ್ಟ್ರೇ? ನಾವು ಅವರನ್ನು ಉಪವಾಸ ಹಾಕಿದ್ದೇವೆ ಅಂತಲಾ?"

"ಹಾಗಲ್ಲ ಜೆಸಿಂತಾ, ನಾನು ಹೇಳಿದ್ದು..."

"ನೀವು ಹೇಳಿದ್ದಲ್ಲ, ಬರ್ದದ್ದು. ನಾಳೆ ಯಾರಾದ್ರೂ ಓದಿದ್ರೆ ಎಂತ ತಿಳ್ಕೊಳ್ಬೇಕು? ಊಟ ಕೇಳುವುದು ಈಗ ನಮ್ಮ ಕೈಯಲ್ಲಿ ಇಲ್ಲ ಮಾರಾಯ್ರೇ. ಅದು ಕ್ಯಾಟರಿಂಗಿನವರದ್ದು. ಅವರು ಫೈಲ್ ಓದುವ ಹಾಗಿಲ್ಲ. ನನ್ನ ಹುಡುಗಿಯರಿಗೆ ಬೆಳಿಗ್ಗೆಯಿಂದ ಕೂರ್ಲಿಕ್ಕೆ ಪುರುಸೊತ್ತಿಲ್ಲ. ನೀವು ನಮಗೂ ಹೇಳ್ಲಿಲ್ಲ, ಅವರಿಗೂ ಹೇಳ್ಲಿಲ್ಲ. ಕಾಗದಕ್ಕೆ ಹೇಳಿ ಹೋದ್ರಿ."

ಅವರ ದನಿ ಏರಿರಲಿಲ್ಲ. ಏರಿದ್ದರೆ ನಾನೂ ಏರಿಸುತ್ತಿದ್ದೆ. ಫೈಲ್ ಬಿಟ್ಟು ಹೋದರು. ಅದಾದ ಮೇಲೆ ಎರಡು ದಿನ ವಾರ್ಡಿನಲ್ಲಿ ಥ್ಯಾಂಕ್ಯೂ ಕೂಡ ಕಡಿಮೆಯಾಯಿತು. ನನ್ನ ದಪ್ಪಕ್ಷರದ ಆಜ್ಞೆಯನ್ನು ಯಾರೂ ಪಾಲಿಸಲಿಲ್ಲ, ಪಾಲಿಸಬೇಕಾದವರು ಯಾರೆಂದೇ ಅದರಲ್ಲಿರಲಿಲ್ಲ. ಸೋಮವಾರ ಡೆನಿಸ್‌ರ ತೂಕ ಮತ್ತೆ ಇಳಿಯಿತು. ಸಹಿ ಹಾಕಬೇಕಾದ ಅರ್ಜಿ ಅವರ ಫೈಲಿನ ಮುಂದೆ ಕ್ಲಿಪ್ ಹಾಕಿಕೊಂಡು ಬಂತು.

ಮಂಗಳವಾರ ಹನ್ನೊಂದಕ್ಕೆ ಆ ಫೈಲನ್ನು ಎದೆಗವುಚಿಕೊಂಡು ನರ್ಸುಗಳ ಟೀ ರೂಮಿನ ಬಾಗಿಲಲ್ಲಿ ನಿಂತೆ. ಒಳಗೆ ಜೆಸಿಂತಾ ಮತ್ತೆ ಮೂವರು ನರ್ಸುಗಳು. ಫೈಲ್ ತೆರೆದು ನನ್ನ ಆಜ್ಞೆಯ ಮೇಲೆ ಎಲ್ಲರೆದುರಿಗೂ ಒಂದು ಗೆರೆ ಎಳೆದೆ. ಆಸ್ಪತ್ರೆಯ ಫೈಲಿನಲ್ಲಿ ಏನನ್ನೂ ಅಳಿಸುವ ಹಾಗಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ತಪ್ಪಾಗಿ ಬರೆದದ್ದು' ಎಂದು ಬರೆದು ಸಹಿ ಮಾಡಬೇಕು. ಹಾಗೇ ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಹಾಕಿದ ಸಹಿ ಇನ್ನೊಂದಿಲ್ಲ.

ಜೆಸಿಂತಾ ನೋಡಿದರು. "ಟೀ ಕುಡೀತೀರಾ?" ಎಂದರು.

"ಬೇಡ, ಈಗಷ್ಟೇ ಆಯ್ತು" ಎಂದುಬಿಟ್ಟೆ.

ಹೇಳಿದ ಮೇಲೆ ನನಗೇ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ. ಕೂತು ಎಲ್ಲ ಹೇಳಿದೆ. ಮೊದಲ ದಿನ ಟೀ ಬೇಕಿದ್ದೂ ಬೇಡ ಎಂದದ್ದು, ಇನ್ನೊಂದು ಸಲ ಕೇಳಲಿಲ್ಲವೆಂದು ಬೇಜಾರು ಮಾಡಿಕೊಂಡದ್ದು, ಆರು ವಾರ ಒಬ್ಬಳೇ ಕಾರಿಡಾರಿನ ಆ ತುದಿಯಲ್ಲಿ ಕೂತು ಟೀ ಕುಡಿದದ್ದು, ಬಸ್ ಸ್ಟಾಪಿನಲ್ಲಿ ಬ್ರೀಡಾ ಹೇಳಿದ್ದು. ಬೇರೆಯವರಿಗಾಗಿ ಇಂಗ್ಲಿಷಿನಲ್ಲಿ, ನಡುನಡುವೆ ಜೆಸಿಂತಾಗಾಗಿ ಕನ್ನಡದಲ್ಲಿ.

"ಅಂದ್ರೆ ಆರು ವಾರ ನಾವು ನಿಮಗೆ ಜಂಬ ಅಂತ ತಿಳ್ಕೊಂಡದ್ದು ಸುಮ್ಮನೆಯಾ?" ಎಂದರು ಜೆಸಿಂತಾ. ಕಪ್ ತೆಗೆದು ತೊಳೆಯುತ್ತಾ ಹೇಳಿದರು, "ನನಗಾದ್ರೂ ಗೊತ್ತಾಗ್ಬೇಕಿತ್ತು. ನಮ್ಮಲ್ಲಿಯೂ ಹೀಗೇ ಅಲ್ವಾ. ಇಪ್ಪತ್ತು ವರ್ಷದಲ್ಲಿ ಎಲ್ಲ ಮರ್ತುಹೋಗಿದೆ. ಇರ್ಲಿ, ಊರಿಗೆ ಬಂದವಳು ನೀರಿಗೆ ಬರದೆ ಎಲ್ಲಿಗೆ ಹೋಗ್ತಾಳೆ. ಸಕ್ಕರೆ ಎಷ್ಟು?"

ಟೀ ಕುಡಿದು ಇಬ್ಬರೂ ಕೆಳಗಿನ ಅಡುಗೆಮನೆಗೆ ಹೋದೆವು. ಅಲ್ಲಿಯ ಸೂಪರ್‌ವೈಸರ್ ಇಬ್ಬರನ್ನೂ ಒಟ್ಟಿಗೆ ನೋಡಿ ಗಾಬರಿಯಾಗಿ, ಊಟದಲ್ಲಿ ಏನಾದರೂ ಬಿದ್ದಿತ್ತೇ ಎಂದು ಕೇಳಿದ. ವಿಷಯ ಕೇಳಿದ ಮೇಲೆ ಆಗುವುದಿಲ್ಲ ಎಂದು ತಲೆಯಾಡಿಸಿದ. ಬ್ರೀಡಾರನ್ನು ವಾರ್ಡಿಗೆ ಕಳಿಸಲು ಅವನಿಗೆ ಅಧಿಕಾರವಿಲ್ಲ, ಪಟ್ಟಿ ಮೇಲಿನಿಂದ ಬರುತ್ತದೆ. ಕೆಟ್ಟ ಮನುಷ್ಯನೇನಲ್ಲ, ಅವನಿಗೂ ಅವನ ಮೇಲಿನವರ ಭಯ. ಆಗ ಒಳಗಿನಿಂದ ಬ್ರೀಡಾ ಕೈ ಒರೆಸಿಕೊಳ್ಳುತ್ತಾ ಬಂದರು. "ನನ್ನ ಬ್ರೇಕ್ ಹನ್ನೆರಡೂವರೆಗೆ. ಆ ಅರ್ಧ ಗಂಟೆ ನಾನು ಎಲ್ಲಿ ಕೂರ್ತೀನಿ ಅನ್ನೋದು ನನ್ನಿಷ್ಟ ತಾನೇ?" ಎಂದರು. ಅವನು ಸ್ವಲ್ಪ ಯೋಚಿಸಿ, ಅದನ್ನು ತಾನು ಕೇಳಿಸಿಕೊಳ್ಳಲಿಲ್ಲ ಎಂದ. ಮರುದಿನ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯನ್ನು ಅವನೇ ತಟ್ಟೆಗೆ ಹಾಕಿಸಿ, ಒಂದು ಬೆಣ್ಣೆಯ ಪೊಟ್ಟಣ ಹೆಚ್ಚಿಗೆ ಇಟ್ಟ.

ಬುಧವಾರ ಹನ್ನೆರಡೂವರೆಗೆ ಬ್ರೀಡಾ ಆ ತಟ್ಟೆ ಹಿಡಿದು ಡೆನಿಸ್‌ರ ಹಾಸಿಗೆಯ ಪಕ್ಕ ಕೂತರು. ನಾನೂ ಜೆಸಿಂತಾರೂ ಎದುರಿನ ಹಾಸಿಗೆಯ ಪರದೆಯ ಬಳಿ ಏನೋ ಕೆಲಸವಿರುವವರಂತೆ ನಿಂತೆವು. ಬ್ರೀಡಾ ಅವಸರ ಮಾಡಲಿಲ್ಲ. ಮಳೆಯ ಬಗ್ಗೆ ಮಾತಾಡಿದರು, ಕೊಟ್ಟಿಗೆಯ ಬಗ್ಗೆ ಕೇಳಿದರು, ನಡುವೆ ಒಂದು ಸಲ ಆಲೂಗಡ್ಡೆ ಬೇಕೇ ಎಂದರು. ಬೇಡ, ಗ್ರ್ಯಾಂಡ್. ನಾಯಿಯ ವಿಷಯ ಬಂತು. ಎರಡನೆಯ ಸಲ ಕೇಳಿದರು. ಬೇಡ ಎಂದ ಡೆನಿಸ್ ತಟ್ಟೆಯನ್ನು ನೋಡಿದರು. ಮೂರನೆಯ ಸಲಕ್ಕೆ, "ನಿನಗೆ ತೊಂದ್ರೆ ಇಲ್ಲ ಅಂದ್ರೆ ಒಂದು ತಿಂತೀನಿ" ಎಂದರು. ಬಿಸಿ ಆಲೂಗಡ್ಡೆಯನ್ನು ಫೋರ್ಕಿಗೆ ಚುಚ್ಚಿ ಹಿಡಿದು, ಚಾಕುವಿನಿಂದ ಸಿಪ್ಪೆಯನ್ನು ಸರಸರನೆ ಸುಲಿದ ಆ ಕೈಗಳು ಒಂದಿಷ್ಟೂ ನಡುಗಲಿಲ್ಲ. ಒಂದಲ್ಲ, ನಾಲ್ಕು ತಿಂದರು. ಆ ಆಲೂಗಡ್ಡೆಯ ಹಬೆ ನಾವು ನಿಂತಲ್ಲಿಯವರೆಗೂ ಬಂತು. ಜೆಸಿಂತಾ ನನ್ನ ಕೈಯನ್ನು ಜೋರಾಗಿ ಅದುಮಿದರು.

ತಟ್ಟೆ ತೆಗೆಯುತ್ತಾ ಬ್ರೀಡಾ ಅಷ್ಟೇ ಸಹಜವಾಗಿ ಕೇಳಿದರು.

"ನರ್ಸಿಂಗ್ ಹೋಮಿಗೆ ಹೋಗ್ತಿದ್ದೀರಂತೆ ಡೆನಿಸ್?"

"ಹೂಂ. ಅವರಿಗೆಲ್ಲ ಅದೇ ಸರಿ ಅಂತೆ."

"ನಿಮಗೆ ಅದು ಇಷ್ಟಾನಾ?"

"ಪರವಾಗಿಲ್ಲ. ಗ್ರ್ಯಾಂಡ್."

"ಇಷ್ಟಾನಾ ಡೆನಿಸ್?"

"ಯಾರಿಗೂ ತೊಂದ್ರೆ ಆಗಬಾರದಲ್ಲ."

ಬ್ರೀಡಾ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೂತರು. "ನಿಮಗೆ ಎಲ್ಲಿ ಇರಬೇಕು ಅಂತಿದೆ?"

ಡೆನಿಸ್ ಕೈಯಲ್ಲಿದ್ದ ಫೋರ್ಕನ್ನು ಅವರ ಮಡಿಲಿನ ತಟ್ಟೆಯಲ್ಲಿ ಇಟ್ಟರು. ಆಮೇಲೆ, "ತೊಂದ್ರೆ ಇಲ್ಲ ಅಂದ್ರೆ ಮನೆಗೆ ಹೋಗಬೇಕು ನಂಗೆ. ಕೆಂಪು ಹಸುವಿಗೆ ಇದು ಮೊದಲನೇ ಕರು. ಅದಕ್ಕೆ ಭಯ ಆಗುತ್ತೆ, ನಾನು ಹತ್ತಿರ ಇರಬೇಕು" ಎಂದರು.

ನಾನು ಅವರ ಒಪ್ಪಿಗೆ ಇದೆ ಎಂದು ಬರೆದಿದ್ದೆನಲ್ಲ, ಒಂದೇ ಸಲ ಕೇಳಿ. ಮನೆಯೇ ಕೈತಪ್ಪುತ್ತಿದ್ದಾಗಲೂ ಆ ಮನುಷ್ಯ ಮರ್ಯಾದೆ ಬಿಟ್ಟಿರಲಿಲ್ಲ. ಪರದೆಯ ಹಿಂದೆ ನಿಂತು ಅತ್ತುಬಿಟ್ಟೆ. ಜೆಸಿಂತಾ ಜೇಬಿನಿಂದ ಟಿಶ್ಯೂ ಕೊಟ್ಟು, "ಸಾಕು ಮಾರಾಯ್ತಿ, ನಾಳೆ ಮೀಟಿಂಗಿಗೆ ಕೆಲಸ ಉಂಟು" ಎಂದರು. ಅವರು ನನ್ನನ್ನು ಡಾಕ್ಟ್ರೇ ಎನ್ನುವುದನ್ನು ಬಿಟ್ಟದ್ದು ಆಗ.

ಗುರುವಾರದ ಸಭೆಯನ್ನು ನಾವು ಹನ್ನೆರಡೂವರೆಗೆ ಹಾಕಿ, ನರ್ಸುಗಳ ಟೀ ರೂಮಿನಲ್ಲೇ ಮಾಡಿದೆವು. ಹಿರಿಯ ವೈದ್ಯರು ಆಶ್ಚರ್ಯದಿಂದ ಸುತ್ತಲೂ ನೋಡಿ, ಈ ಕೋಣೆಯೊಳಗೆ ತಾನು ಹೆಜ್ಜೆ ಇಡುತ್ತಿರುವುದು ಇದೇ ಮೊದಲು ಎಂದು ಒಪ್ಪಿಕೊಂಡರು. ಅವರ ಪಕ್ಕದಲ್ಲಿ ಏಪ್ರನ್ ತೊಟ್ಟ ಬ್ರೀಡಾ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಸ್ ಸ್ಟಾಪಿನ ದೊಡ್ಡ ದನಿ ಅಲ್ಲಿ ಸಣ್ಣದಾಗಿತ್ತು. ಆದರೂ ಹೇಳಬೇಕಾದದ್ದನ್ನು ಹೇಳಿದರು. ಫಿಸಿಯೋ ಹುಡುಗಿ, ಮೂರು ವಾರ ಹೊಟ್ಟೆ ತುಂಬ ತಿಂದರೆ ಡೆನಿಸ್‌ರನ್ನು ನಡೆಸುವುದು ತನ್ನ ಜವಾಬ್ದಾರಿ ಎಂದಳು. ಹಿರಿಯರು ಅರ್ಜಿಯ ಕ್ಲಿಪ್ ತೆಗೆದು, ಮೂರು ವಾರ ನೋಡೋಣ ಎಂದರು. ಬ್ರೀಡಾರನ್ನು ವಾರ್ಡಿಗೆ ವಾಪಸ್ಸು ಕಳಿಸಿ ಎಂದು ಊಟದ ಕಂಪನಿಗೆ ಅವರೇ ಒಂದು ಪತ್ರ ಬರೆದರು. ನಾನು ಬರೆಯಲಿಲ್ಲ, ನನ್ನ ಬರವಣಿಗೆಯ ಮೇಲೆ ನನಗೇ ನಂಬಿಕೆ ಹೋಗಿತ್ತು.

ಆಮೇಲಿನದು ಸಣ್ಣ ಸಣ್ಣ ಕೆಲಸಗಳು. ಪತ್ರಕ್ಕೆ ಉತ್ತರ ಬರಲು ಹತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ಮಧ್ಯಾಹ್ನ ಬ್ರೀಡಾ ತಮ್ಮ ಬ್ರೇಕ್‌ನಲ್ಲಿ ಬಂದರು, ಬೆಳಿಗ್ಗೆ ಒಬ್ಬ ನರ್ಸ್ ಕೂತಳು, ಸಂಜೆಯ ಟೀಗೆ ನಾನು ಕೂತೆ. ನನಗೆ ಮೂರನೆಯ ಸಲ ಕೇಳುವ ತಾಳ್ಮೆ ಬರಲು ಒಂದು ವಾರ ಬೇಕಾಯಿತು. ಮೊದಮೊದಲು ಒಂದೇ ಉಸಿರಿನಲ್ಲಿ ಮೂರು ಸಲ ಕೇಳಿಬಿಡುತ್ತಿದ್ದೆ, ಡೆನಿಸ್ ಬೆಚ್ಚಿ ನೋಡುತ್ತಿದ್ದರು. ಬ್ರೀಡಾ ವಾರ್ಡಿಗೆ ವಾಪಸಾದ ದಿನ ಪ್ಯಾಂಟ್ರಿಯಲ್ಲಿ ನಿಂತು ಟೀ ಕುಡಿಯಲು ಹೊರಟರೆ ಜೆಸಿಂತಾ ಅವರ ಕಪ್ಪನ್ನೇ ಎತ್ತಿಕೊಂಡು ಟೀ ರೂಮಿಗೆ ನಡೆದರು. ಕಪ್ಪಿನ ಹಿಂದೆ ಅವರು ಬರಲೇಬೇಕಾಯಿತು. ನಮ್ಮ ತುದಿಯ ಕೋಣೆಯ ಕೆಟಲ್ ಯಾರೂ ಮುಟ್ಟದೆ ಧೂಳು ಹಿಡಿಯಿತು. ಎಲ್ಲವೂ ಸರಿಹೋಯಿತೆಂದಲ್ಲ. ಕೆಲವು ಡಾಕ್ಟರುಗಳು ಕೊನೆಯವರೆಗೂ ಬರಲಿಲ್ಲ, ಟ್ಯಾಬ್ಲೆಟ್ ಹಾಗೇ ಉಳಿಯಿತು. ಆದರೆ ಗುರುವಾರದ ಸಭೆಯಲ್ಲಿ ಏಪ್ರನ್ ತೊಟ್ಟವರಿಗೆ ಒಂದು ಕುರ್ಚಿ ಉಳಿಯಿತು.

ಡೆನಿಸ್ ಮಾರ್ಚ್‌ನ ಎರಡನೆಯ ವಾರ ವಾಕಿಂಗ್ ಫ್ರೇಮ್ ಹಿಡಿದು ಮನೆಗೆ ಹೋದರು. ಕೆಂಪು ಹಸು ಕರು ಹಾಕಿದ್ದು ಅದಾಗಿ ಐದನೆಯ ದಿನಕ್ಕೆ. ಪಕ್ಕದ ಹೊಲದವನು ಬ್ರೀಡಾರ ಫೋನಿಗೆ ಫೋಟೋ ಕಳಿಸಿದ್ದ. ಕೊಟ್ಟಿಗೆಯಲ್ಲಿ ಒಂದು ಕುರ್ಚಿ, ಅದರ ಮೇಲೆ ಕೋಟು ತೊಟ್ಟ ಡೆನಿಸ್, ಪಕ್ಕದಲ್ಲಿ ಇನ್ನೂ ಒದ್ದೆಯಾದ ಕರು. ಆ ಫೋಟೋ ವಾರ್ಡಿನ ಎಲ್ಲರ ಕೈ ದಾಟಿ ಕೆಳಗಿನ ಅಡುಗೆಮನೆಗೂ ಹೋಗಿ ಬಂತು.

ಏಪ್ರಿಲ್‌ನ ಒಂದು ಶನಿವಾರ ಬ್ರೀಡಾ, ಜೆಸಿಂತಾ, ನಾನು ಮೂವರೂ ಜೆಸಿಂತಾರ ಕಾರಿನಲ್ಲಿ ಅವರನ್ನು ನೋಡಲು ಹೋದೆವು. ಆಸ್ಪತ್ರೆಯ ಪರವಾಗಿ ಅಲ್ಲ, ಸುಮ್ಮನೆ. ದಾರಿಯ ಬದಿಯಲ್ಲೆಲ್ಲ ಹಳದಿ ಹೂವಿನ ಮುಳ್ಳುಪೊದೆ ಅರಳಿತ್ತು. ಡೆನಿಸ್ ಬಾಗಿಲಲ್ಲೇ ನಿಂತಿದ್ದರು, ಒಂದು ಕೈಯಲ್ಲಿ ಕೋಲು, ಕಾಲ ಬಳಿ ನಾಯಿ. ಒಳಗೆ ಕೂರಿಸಿ, ಟೀ ಕುಡಿಯುತ್ತೀರಾ ಎಂದು ಕೇಳಿದರು. ನಾವು ಮೂವರೂ ಒಟ್ಟಿಗೆ ಬೇಡ ಎಂದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಡೆನಿಸ್ ನಗಲಿಲ್ಲ. ಗಂಭೀರವಾಗಿ ಎರಡನೆಯ ಸಲ ಕೇಳಿದರು, ಗಂಭೀರವಾಗಿ ಮೂರನೆಯ ಸಲ ಕೇಳಿದರು. ನಾವು ಹೂಂ ಎನ್ನುವ ಹೊತ್ತಿಗೆ ಒಲೆಯ ಮೇಲೆ ನೀರು ಆಗಲೇ ಕುದಿಯುತ್ತಿತ್ತು. ಕೋಲನ್ನು ಮೇಜಿಗೆ ಒರಗಿಸಿ, ಎರಡೂ ಕೈಯಲ್ಲಿ ಟೀ ಪಾತ್ರೆ ಎತ್ತಿ ಮೊದಲು ಬ್ರೀಡಾರ ಕಪ್ಪಿಗೆ ಸುರಿದರು, ಆಮೇಲೆ ಜೆಸಿಂತಾರ ಕಪ್ಪಿಗೆ. ನನ್ನ ಸರದಿ ಕೊನೆಗೆ ಬಂತು. ತಳದಲ್ಲಿ ಉಳಿದಿದ್ದ ಟೀ ಕಷಾಯದಷ್ಟು ಕಪ್ಪಗಿತ್ತು. ಸಾಕಾ ಎಂದು ಕೇಳಿದರು. ಇನ್ನೂ ಸ್ವಲ್ಪ ಬೇಕು ಎಂದೆ, ಮೊದಲನೆಯ ಸಲಕ್ಕೇ.